ಹಳೇ ಕಾರಿನ ಹದವಾದ ಓಟ
(ಬೋನಾಳದಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಧರ್ಮಸ್ಥಳಕ್ಕೆ ಪ್ರವಾಸ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹ ನೋಡಿರಬಹುದು. ‘ಎಷ್ಟು ಸ್ಪೀಡ್ ಹೋಗುತ್ತವೆ?’ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಎಷ್ಟು ಸ್ಪೀಡಿನಲ್ಲಿ ಸುಖವಾಗಿ ಹೋಗುತ್ತವೆ ಎಂದು ನೀವು ಕೇಳಿ.

1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರನ್ನೇ ತೆಗೆದುಕೊಳ್ಳಿ. ಹಿಂದಿನ ಆ್ಯಕ್ಸಲ್‌ನ ಕ್ರೌನಿಗೆ 40 ಹಲ್ಲು, ಪಿನಿಯನ್ನಿಗೆ 11. ಚಕ್ರ ಒಂದು ಸುತ್ತು ತಿರುಗಬೇಕಾದರೆ ಇಂಜಿನ್ ಮೂರೂವರೆಗಿಂತ ಹೆಚ್ಚು ಸುತ್ತು ತಿರುಗಬೇಕು. ನಿಮಿಷಕ್ಕೆ 1600 ಸುತ್ತಿನಲ್ಲಿ ಅದರ ಪೂರ್ತಿ ಶಕ್ತಿ, 20 ಅಶ್ವಶಕ್ತಿ. 30 ಇಂಚಿನ ಚಕ್ರಕ್ಕೆ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 63 ಕಿ.ಮೀ. ಪೂರ್ತಿ ಶಕ್ತಿಯಲ್ಲಿ ದಿನವಿಡೀ ದುಡಿಸಲಾಗದು. 50ರ ಆಸುಪಾಸೇ ಅದರ ಹದ.

ಕ್ರೌನ್-ಪಿನಿಯನ್ ಬದಲಿಸಿ 3ಕ್ಕೆ 1 ಮಾಡಿದರೆ ಅದೇ ಸುತ್ತಿಗೆ 76 ಕಿ.ಮೀ. ಅದು ಕಾಗದದ ಮೇಲೆ! ಸುರಪುರದ ಗುಡ್ಡದಂಥ ಏರು ಬಂದಾಗ ಎಳೆಯುವ ಬಲ ಆರರಲ್ಲೊಂದು ಪಾಲಿಗಿಂತಲೂ ಹೆಚ್ಚು ತಗ್ಗಿರುತ್ತದೆ. ಮುಂದಕ್ಕೆ ಇರುವ ಗೇರೋ ಎರಡೇ. ಸೈಕಲ್ ತುಳಿಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಹೆಚ್ಚು ಚಿಂತೆ ಬ್ರೇಕಿನದು. ಮುಂದಿನ ಚಕ್ರಗಳಿಗೆ ಬ್ರೇಕೇ ಇಲ್ಲ. ಕಾಲಿನ ಬ್ರೇಕ್ ಹಿಡಿಯುವುದು ಗೇರ್ ಪೆಟ್ಟಿಗೆಯೊಳಗೆ. ಆ್ಯಕ್ಸಲ್ ಮುರಿದರೆ ಅದೂ ಹೋಯಿತು. ವೇಗ 50ರಿಂದ 76ಕ್ಕೆ ಏರಿದರೆ ಬ್ರೇಕು ತಡೆಯಬೇಕಾದ ಶಕ್ತಿ ಎರಡು ಪಟ್ಟು ದಾಟುತ್ತದೆ.

ನಿಮ್ಮಲ್ಲಿ ಯಾರಾದರೂ ಐ.ಟಿ.ಐ. ಮುಗಿಸಿ ಗ್ಯಾರೇಜು ಹಾಕಿದಿರೆನ್ನಿ. ‘ಹೈವೇದಾಗ ಓಡಿಸ್ಬೇಕು, ಗೇರ್ ಬದಲ್ಸಿ ಕೊಡಪಾ’ ಎಂದು ಒಬ್ಬರು ಬಂದೇ ಬರುತ್ತಾರೆ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು. ರೇಟು ಹೇಳುವ ಮೊದಲು ಅವರನ್ನು ಕೆಳಗಿಳಿಸಿ ಆ ಬ್ರೇಕ್ ತೋರಿಸಿ.