ತಕ್ಕಡಿಯ ಮೇಲೊಂದು ಉಪ್ಪಿನಕಾಯಿ ಬಾಟಲಿ

ಶಿರಸಿ, ಸಿದ್ದಾಪುರ, ಸಾಗರದ ಕಡೆಯವರ ಮುಂದೆ ಅಪ್ಪೆಮಿಡಿ ಅಂದರೆ ಸಾಕು, ಬಾಯಲ್ಲಿ ನೀರು. ಹೊಳೆಯಂಚಿನ ಕಾಡುಮಾವಿನ ಎಳೆಗಾಯಿ ಅದು. ತೊಟ್ಟು ಮುರಿದರೆ ಚಿಮ್ಮುವ ಸೊನೆಯಲ್ಲೇ ಅದರ ಪರಿಮಳವೆಲ್ಲ. ಅನಂತಭಟ್ಟನ ಅಪ್ಪೆ, ಮಾಳಂಜಿ, ಹಳದೋಟ ಅಂತ ಒಂದೊಂದು ಮರಕ್ಕೂ ಹೆಸರು, ಒಂದೊಂದಕ್ಕೂ ಅಭಿಮಾನಿಗಳು. ಭೌಗೋಳಿಕ ಗುರುತಿನ ಮಾನ್ಯತೆಯೂ ಅದಕ್ಕೆ ಸಿಕ್ಕಿದೆ.

ಈ ಮಿಡಿಯನ್ನು ಎಣ್ಣೆ ಸೋಕಿಸದೆ ಉಪ್ಪಿನಲ್ಲಿ ಮುರುಟಿಸಿ, ಸಾಸಿವೆ-ಮೆಣಸು ಅರೆದು ಹಾಕಿ ಭರಣಿ ತುಂಬಿಸುವ ಗೃಹಿಣಿಯೊಬ್ಬರಿದ್ದಾರೆ ಅಂದುಕೊಳ್ಳಿ. ವರ್ಷಕ್ಕೆ ನೂರಿಪ್ಪತ್ತು ಕಿಲೋ ಆಗುತ್ತದೆ. ನೆಂಟರಿಷ್ಟರೆಲ್ಲ 'ಆನ್‌ಲೈನ್‌ನಲ್ಲಿ ಮಾರು' ಅನ್ನುತ್ತಿದ್ದಾರೆ. ಇವತ್ತು ನಾವು ಕೂತು ಅವರಿಗೊಂದು ಮಾರ್ಕೆಟಿಂಗ್ ಯೋಜನೆ ಹಾಕಿಕೊಡೋಣ.

ಇಂಥ ಕೆಲಸಕ್ಕೆ ಕೈಹಾಕಿದವರು ಸಾಮಾನ್ಯವಾಗಿ ಮೊದಲು ಮಾಡುವುದು ಒಂದು ಲೋಗೊ. ಆಮೇಲೆ ಇನ್‌ಸ್ಟಾಗ್ರಾಂನಲ್ಲೊಂದು ಪುಟ, ಅಣ್ಣನ ಮಗನ ಕೈಲಿ ನಾಲ್ಕು ರೀಲ್ಸ್. ನಾನು ಹೇಳುವುದು, ಮೊದಲು ಅಡುಗೆಮನೆಯ ತಕ್ಕಡಿ ತನ್ನಿ. ಅದರ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ.

ಅರ್ಧ ಕಿಲೋ ಉಪ್ಪಿನಕಾಯಿಯನ್ನು ಗಾಜಿನ ಬಾಟಲಿಗೆ ತುಂಬಿ, ಪೆಟ್ಟಿಗೆಯಲ್ಲಿಟ್ಟು ತೂಗಿ. ಹತ್ತಿರ ಹತ್ತಿರ ಒಂಬೈನೂರು ಗ್ರಾಂ ಆಗುತ್ತದೆ. ಎಷ್ಟೋ ಕೊರಿಯರ್‌ನವರು ಅರ್ಧರ್ಧ ಕಿಲೋ ಲೆಕ್ಕದಲ್ಲಿ ದರ ಹಾಕುತ್ತಾರೆ. ಅಲ್ಲಿಗೆ ನೀವು ಒಂದು ಕಿಲೋದ ದುಡ್ಡು ತೆತ್ತಿರಿ. ಇಷ್ಟಕ್ಕೇ ಮುಗಿಯಲಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವ ಪದ್ಧತಿಯೊಂದಿದೆ. ಬರುವ ಅಂಕಿಯನ್ನು ಕಿಲೋ ಅಂತ ಹಿಡಿದು, ನಿಜವಾದ ತೂಕ ಮತ್ತು ಇದು, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. 20 ಸೆಂಟಿಮೀಟರ್ ಉದ್ದ, 20 ಅಗಲ, 15 ಎತ್ತರದ ಪೆಟ್ಟಿಗೆಯಾದರೆ 6000 ಭಾಗಿಸು 5000, ಅಂದರೆ 1.2 ಕಿಲೋ. ಒಂಬೈನೂರು ಗ್ರಾಮಿನ ಬಾಟಲಿಗೆ ಒಂದೂವರೆ ಕಿಲೋದ ಬಾಡಿಗೆ! ಪೆಟ್ಟಿಗೆಯೊಳಗಿನ ಗಾಳಿಗೂ ಟಿಕೆಟ್ಟು ತೆಗೆಸಿದ ಹಾಗೆ.

ಅದೇ ಉಪ್ಪಿನಕಾಯಿಯನ್ನು 400 ಗ್ರಾಂ ಹಿಡಿಯುವ ದಪ್ಪ ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಬೆಸೆದು, ಚಿಕ್ಕ ಪೆಟ್ಟಿಗೆಗೆ ಹಾಕಿದರೆ ಎಲ್ಲ ಸೇರಿ ಅರ್ಧ ಕಿಲೋದೊಳಗೇ ನಿಲ್ಲುತ್ತದೆ. ಗಾಜು ಚೆಂದ ಕಾಣುತ್ತದೆ, ಒಪ್ಪಿದೆ. ಫೋಟೋ ತೆಗೆಯುವುದಕ್ಕೆ ಒಂದು ಗಾಜಿನ ಭರಣಿ ಇಟ್ಟುಕೊಳ್ಳಿ.

ಪೆಟ್ಟಿಗೆಯ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣವಿದೆ. 1960ರಲ್ಲಿ ಜೆರೋಮ್ ಮೆಕಾರ್ಥಿ ಎಂಬ ಅಮೆರಿಕದ ಪ್ರಾಧ್ಯಾಪಕರು ಸರಕು, ಬೆಲೆ, ಜಾಗ, ಪ್ರಚಾರ ಎಂಬ ನಾಲ್ಕನ್ನು ಮಾರಾಟದ ಕಂಬಗಳೆಂದು ಪುಸ್ತಕದಲ್ಲಿ ಬರೆದರು. ಇವತ್ತಿಗೂ ಕಾಲೇಜುಗಳಲ್ಲಿ ಅದನ್ನೇ ಕಲಿಸುತ್ತಾರೆ. ಆನ್‌ಲೈನ್ ಅಂಗಡಿಗೆ ಜಾಗವೇ ಇಲ್ಲವಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಇದೆ. ಆ ರಟ್ಟಿನ ಪೆಟ್ಟಿಗೆಯೇ ಜಾಗ.

ಈಗ ಒಂದು ಪೊಟ್ಟಣದ ಲೆಕ್ಕ. ಮನೆಬಾಗಿಲಿಗೆ ತಲುಪಿಸಿ 320 ರೂಪಾಯಿ ಅಂತಿಟ್ಟುಕೊಳ್ಳೋಣ. ಮಿಡಿ, ಮಸಾಲೆ, ಕೂಲಿ 130. ಚೀಲ, ಪೆಟ್ಟಿಗೆ, ಲೇಬಲ್ 25. ಕೊರಿಯರ್ 60. ಹಣ ಪಾವತಿಯ ಶುಲ್ಕ ಐದು. ಉಳಿಯುವುದು ನೂರು ರೂಪಾಯಿ. ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಸಾವಿರ ರೂಪಾಯಿಯ ಜಾಹೀರಾತು ಹಾಕಿದಿರಿ, ಎಂಟು ಆರ್ಡರ್ ಬಂತು. ಒಬ್ಬ ಗಿರಾಕಿಯನ್ನು ಕರೆತರಲು 125 ಖರ್ಚಾಯಿತು, ಅವರಿಂದ ಸಿಕ್ಕಿದ್ದು ನೂರು. ಎಂಟು ಪೊಟ್ಟಣಕ್ಕೆ ಇನ್ನೂರು ರೂಪಾಯಿ ಕೈಬಿಟ್ಟು ಹೋಯಿತು. ಲೈಕುಗಳೇನೋ ನಾಲ್ಕುನೂರು ದಾಟಿರುತ್ತವೆ.

ಆದರೆ ಆ ಎಂಟರಲ್ಲಿ ಮೂರು ಮನೆಯವರು ಖಾಲಿಯಾದ ಮೇಲೆ ತಾವಾಗಿಯೇ ಮತ್ತೆ ತರಿಸಿಕೊಂಡರೆ? ಆ ಮುನ್ನೂರು ರೂಪಾಯಿಗೆ ಜಾಹೀರಾತಿನ ಖರ್ಚಿಲ್ಲ. ಹೋದ ಇನ್ನೂರು ಬಂತು, ಮೇಲೆ ನೂರೂ ಬಂತು. ಹಾಗಾಗಿ ನನ್ನ ಯೋಜನೆಯಲ್ಲಿ ಮುಖ್ಯವಾದ ಅಂಕಿ ಇದೊಂದೇ: ಎಷ್ಟು ಮನೆಯವರು ಎರಡನೇ ಸಲ ಕೇಳಿದರು. ನೂರಿಪ್ಪತ್ತು ಕಿಲೋ ಅಂದರೆ ಮುನ್ನೂರು ಪೊಟ್ಟಣ. ಅದಕ್ಕೆ ಮುನ್ನೂರು ಗಿರಾಕಿಗಳು ಬೇಕಾಗಿಲ್ಲ. ವರ್ಷಕ್ಕೆ ಮೂರು ಸಲ ತರಿಸುವ ನೂರು ಮನೆ ಸಾಕು.

ಯಾವ ನೂರು ಮನೆ? 'ಊಟ ಮಾಡುವವರೆಲ್ಲ ನಮ್ಮ ಗಿರಾಕಿಗಳೇ' ಅಂದರೆ ಯಾರೂ ಸಿಗುವುದಿಲ್ಲ. ಬೆಂಗಳೂರಲ್ಲಿ ನೆಲೆಸಿದ ಮಲೆನಾಡಿನವರು ಮೊದಲು. ಅವರಿಗೆ ಅಪ್ಪೆಮಿಡಿ ಏನೆಂದು ವಿವರಿಸುವ ಖರ್ಚಿಲ್ಲ. ಬೆಂಗಳೂರಿನಿಂದ ಶುರುಮಾಡುವುದಕ್ಕೆ ಕಾನೂನಿನ ಕಾರಣವೂ ಇದೆ. ಚಿಕ್ಕ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಇಲ್ಲದೆ ರಾಜ್ಯದೊಳಗೆ ಮಾರಬಹುದು. ಇ-ಕಾಮರ್ಸ್ ತಾಣಗಳ ಮೂಲಕವೂ ಹಾಗೆ ಮಾರುವ ಅವಕಾಶ 2023ರ ಅಕ್ಟೋಬರ್‌ನಿಂದ ಸಿಕ್ಕಿದೆ. ಆದರೆ ಉಪ್ಪಿನಕಾಯಿ ರಾಜ್ಯದ ಗಡಿ ದಾಟಿ ಮಾರಾಟವಾಗಬೇಕಾದರೆ ನೋಂದಣಿ ಬೇಕು. ಪುಣೆ, ಮುಂಬೈಯವರು ಎರಡನೇ ವರ್ಷಕ್ಕಿರಲಿ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ, ತೂಕ, ಬೆಲೆ, ತಯಾರಾದ ತಿಂಗಳು, ವಿಳಾಸ, ಇವು ಲೇಬಲ್ಲಿನ ಮೇಲೆ ಮೊದಲ ದಿನದಿಂದಲೇ ಇರಲಿ.

ಹೋದ ವರ್ಷ ನಾನೇ ಒಂದು ಕಡೆಯಿಂದ ಮಿಡಿ ಉಪ್ಪಿನಕಾಯಿ ತರಿಸಿದ್ದೆ. ಪೆಟ್ಟಿಗೆ ಕೈಗೆ ಬಂದಾಗ ತಳವೆಲ್ಲ ಒದ್ದೆ, ಕೆಂಪು ರಸ ಸೋರಿ ವಿಳಾಸದ ಅರ್ಧ ಅಳಿಸಿಹೋಗಿತ್ತು. ಫೋಟೋ ಕಳಿಸಿದೆ. ಮಾರಿದಾಕೆ ಒಂದು ಪ್ರಶ್ನೆಯನ್ನೂ ಕೇಳದೆ ನಾಲ್ಕನೇ ದಿನಕ್ಕೆ ಬೇರೆ ಪೊಟ್ಟಣ ಮುಟ್ಟಿಸಿದರು. ಒಳಗೊಂದು ಕೈಬರಹದ ಚೀಟಿ: 'ಒದ್ದೆ ಚಮಚ ಹಾಕಬೇಡಿ. ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ.' ಆ ಎರಡನೇ ಮಾತು ಸುಮ್ಮನೆ ಬರೆದದ್ದಲ್ಲ. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ ಸಂದೇಶ, ಕಳಿಸಿದವರ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಆ ಮನೆಯಿಂದ ನಾನು ಆಮೇಲೆ ಎರಡು ಸಲ ತರಿಸಿದ್ದೇನೆ. ಅವರ ಇನ್‌ಸ್ಟಾಗ್ರಾಂ ಪುಟ ಇದೆಯೋ ಇಲ್ಲವೋ ನೋಡಿಲ್ಲ.

ಇನ್ನು ಕ್ಯಾಲೆಂಡರ್. ಮಿಡಿ ಸಿಗುವುದು ಬೇಸಗೆಯ ಆರಂಭದಲ್ಲಿ, ಕೆಲವೇ ವಾರ. ಕೊಯ್ಯುವಾಗ, ಉಪ್ಪು ಹಾಕುವಾಗ, ಮುರುಟಿದಾಗ ಫೋಟೋ ತೆಗೆದಿಟ್ಟುಕೊಂಡರೆ ಇಡೀ ವರ್ಷದ ಪ್ರಚಾರದ ಸರಕು ಆಯಿತು. ಮಳೆಗಾಲದಲ್ಲಿ, ಹಾಸ್ಟೆಲುಗಳು ತೆರೆಯುವ ಹೊತ್ತಿಗೆ, ಮಗನಿಗೋ ಮಗಳಿಗೋ ಕಟ್ಟಿಕೊಡುವ ತಾಯಂದಿರಿಗೆ ಮೊದಲ ಸಂದೇಶ. ದೀಪಾವಳಿಗೆ ಮುಂಚೆ ಇನ್ನೊಂದು. ವಾರ ವಾರ ಬೇಡ, ಜನ ಬ್ಲಾಕ್ ಮಾಡುತ್ತಾರೆ.

ಜನವರಿ ಹೊತ್ತಿಗೆ ಭರಣಿ ಖಾಲಿಯಾಗುತ್ತದೆ. ಆಗ ಬೇರೆ ಕಡೆಯಿಂದ ಕೊಂಡು ತಂದು ತಮ್ಮ ಲೇಬಲ್ ಅಂಟಿಸುವ ಆಸೆ ಬರುತ್ತದೆ, ಬೇಡ. 'ಈ ವರ್ಷದ್ದು ಮುಗಿಯಿತು, ಹೊಸ ಮಿಡಿಗೆ ಹೆಸರು ಬರೆಸಿ' ಅಂತ ಒಂದು ಸಾಲು ಹಾಕಿ, ಒಂದು ನೋಟ್‌ಬುಕ್ ತೆರೆಯಿರಿ. ಮರದಲ್ಲಿ ಇನ್ನೂ ಹೂವಿರುವಾಗಲೇ ಆ ಪುಸ್ತಕದಲ್ಲಿ ನಲವತ್ತು ಹೆಸರು ಬಿದ್ದಿದ್ದರೆ, ಈ ಸಲ ಎಷ್ಟು ಮಿಡಿ ಕೊಳ್ಳಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ.