ಕಂಪ್ಯೂಟರಿನ ಕೀಲಿಕೈ ಮತ್ತು ನಮ್ಮ ಕನ್ನಡ

(ಹಾಸನೂರಿನ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯ ಕಂಪ್ಯೂಟರಿನಲ್ಲಿ ಮಕ್ಕಳು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಬೇಕೆಂದು ಕೇಳಿದಾಗ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಕನ್ನಡ ತಂತ್ರಾಂಶ ಹಾಕಲು ಪಾಸ್‌ವರ್ಡ್ ಬೇಕು, ಅದು ನಮ್ಮ ಬಳಿ ಇಲ್ಲ." ಈ ಮಾತು ಎಷ್ಟು ಸರಿ ಎಂಬುದನ್ನು ನೀವೂ ತಿಳಿದಿರಬೇಕು.

ಮಧ್ಯಾಹ್ನದ ಊಟದ ಉಗ್ರಾಣದ ಕೀಲಿಕೈ ಒಬ್ಬರ ಬಳಿ ಇರುತ್ತದೆ, ಊಟ ಮಾತ್ರ ಎಲ್ಲ ಮಕ್ಕಳಿಗೂ ಸಿಗುತ್ತದೆ. ಕಂಪ್ಯೂಟರಿನಲ್ಲೂ ಹಾಗೆಯೇ. ತಂತ್ರಾಂಶ ಹಾಕುವ, ತೆಗೆಯುವ ಅಧಿಕಾರ 'ಅಡ್ಮಿನಿಸ್ಟ್ರೇಟರ್' ಖಾತೆಯದು. ಮಕ್ಕಳಿಗೆ ಸಾಮಾನ್ಯ ಖಾತೆ ಸಾಕು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಮನೆಬಳಕೆಯವರು ಬಹುಪಾಲು ಪೂರ್ಣ ಅಧಿಕಾರದಿಂದಲೇ ಕೆಲಸ ಮಾಡುತ್ತಿದ್ದರು. ಹಾಗಾಗಿ ಒಳನುಗ್ಗಿದ ವೈರಸ್ಸಿಗೂ ಅದೇ ಅಧಿಕಾರ ದೊರೆಯುತ್ತಿತ್ತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಿಂದ ಈಚೆಗೆ ವಿಂಡೋಸ್ ಮೊದಲು ಅನುಮತಿ ಕೇಳುತ್ತದೆ. ಲಿನಕ್ಸ್‌ನಲ್ಲಿ ಪೂರ್ಣ ಅಧಿಕಾರ 'ರೂಟ್' ಖಾತೆಯದು. ಉಬುಂಟುವಿನಲ್ಲಿ ಮೊದಲು ಖಾತೆ ತೆರೆದವರು ತಮ್ಮ ಪಾಸ್‌ವರ್ಡ್ ಕೊಟ್ಟು, ಬೇಕಾದ ಕೆಲಸಕ್ಕಷ್ಟೇ ಆ ಅಧಿಕಾರ ಪಡೆಯುತ್ತಾರೆ. ಆಪಲ್‌ನ ಮ್ಯಾಕ್ ಕೂಡ ಪಾಸ್‌ವರ್ಡ್ ಕೇಳಿಯೇ ಮುಂದುವರಿಯುತ್ತದೆ. ಆದ್ದರಿಂದ ಕೀಲಿಕೈಯನ್ನು ಮಕ್ಕಳ ಕೈಗೆ ಕೊಡಿ ಎಂದು ನಾನು ಹೇಳುವುದಿಲ್ಲ.

ಆದರೆ ಕನ್ನಡ ಬರೆಯಲು ಉಗ್ರಾಣದ ಬಾಗಿಲು ತೆರೆಯಲೇಬೇಕೆಂದಿಲ್ಲ. 'ನುಡಿ'ಯಂಥ ತಂತ್ರಾಂಶ ಬೇಕಿದ್ದರೆ ಅಡ್ಮಿನಿಸ್ಟ್ರೇಟರ್ ಒಮ್ಮೆ ಹಾಕಿಕೊಟ್ಟರೆ ಸಾಕು, ಆಮೇಲೆ ಎಲ್ಲ ಮಕ್ಕಳೂ ಬಳಸಬಹುದು. ವಿಂಡೋಸ್ 10, 11, ಉಬುಂಟು, ಮ್ಯಾಕ್‌ಗಳಲ್ಲಿ ಕನ್ನಡದ ಅಕ್ಷರವೂ ಕೀಲಿಮಣೆಯೂ ಮೊದಲೇ ಇವೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿಕೊಂಡರಾಯಿತು. ಶಾಲೆಯವರು ಬೇರೆ ನಿರ್ಬಂಧ ಹಾಕಿರದಿದ್ದರೆ ಸಾಮಾನ್ಯ ಖಾತೆಯಿಂದಲೇ ಇದನ್ನು ಮಾಡಬಹುದು. ಹಣ ಬೇಡ, ಹೊಸ ಯಂತ್ರವೂ ಬೇಡ.

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಲ್ಲಿ ಇದು ಸೇರಿತು. ಕಪ್ಪುಹಲಗೆಯ ಮೇಲೆ ಕನ್ನಡ, ಕಂಪ್ಯೂಟರಿನಲ್ಲಿ ಮಾತ್ರ ಇಂಗ್ಲಿಷ್ ಎಂದಾದರೆ, ನಮ್ಮ ಭಾಷೆ ಹಳೆಯ ಕೆಲಸಗಳಿಗಷ್ಟೇ ಎಂದು ಮಗು ಯಾರೂ ಹೇಳದೆಯೇ ಕಲಿತುಬಿಡುತ್ತದೆ. ನನ್ನ ಭಯ ಅದೇ.

ಮುಂದಿನ ಸಭೆಯಲ್ಲಿ ಪಾಸ್‌ವರ್ಡ್ ಕೇಳಬೇಡಿ. "ಕನ್ನಡ ಕೀಲಿಮಣೆ ಸೇರಿಸಿದ್ದೀರಾ? ತೋರಿಸಿ" ಎಂದು ಕೇಳಿ. ಸೇರಿಸಿಲ್ಲವೆಂದರೆ ಎಲ್ಲರೂ ಸಹಿ ಹಾಕಿ ಮನವಿ ಕೊಡಿ. ನಿಮ್ಮ ಮಗು ತನ್ನ ಹೆಸರನ್ನು ಪರದೆಯ ಮೇಲೆ ಕನ್ನಡದಲ್ಲಿ ಬರೆದು ತೋರಿಸುವವರೆಗೆ ಈ ಕೆಲಸ ಬಿಡಬೇಡಿ.