ಹಾಲೆಯ ತೊಗಟೆಯೂ ಅದರ ಅರಿವೂ



ಪುತ್ತೂರು ತಾಲೂಕಿನ ಈಶ್ವರಮಂಗಲ ಪ್ರಾಂತದಲ್ಲಿಯೂ ತುಳುನಾಡಿನ ಇತರ ಭಾಗಗಳಲ್ಲಿಯೂ ಆಟಿ ತಿಂಗಳ ಅಮಾವಾಸ್ಯೆಯಂದು ಹಾಲೆ ಮರದ ತೊಗಟೆಯ ರಸವನ್ನು ಸೇವಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿರುವುದು. ತುಳುವಿನಲ್ಲಿ ಪಾಲೆಯೆಂದೂ ಸಂಸ್ಕೃತದಲ್ಲಿ ಸಪ್ತಪರ್ಣವೆಂದೂ ಕರೆಯಲ್ಪಡುವ ವೃಕ್ಷವು ಇದೇ. ಮನೆಯವನೊಬ್ಬನು ಸೂರ್ಯೋದಯಕ್ಕೆ ಮುಂಚೆಯೇ ಹೋಗಿ, ಕಬ್ಬಿಣವನ್ನು ಸೋಕಿಸದೆ, ಕಲ್ಲಿನಿಂದಲೇ ಜಜ್ಜಿ ಕೆತ್ತೆಯನ್ನು ತರುವನು. ಓಮ, ಬೆಳ್ಳುಳ್ಳಿ, ಕರಿಮೆಣಸುಗಳೊಡನೆ ಅದನ್ನು ಅರೆದು, ಹಿಂಡಿದ ರಸದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದ್ದಿ, ಬರಿಹೊಟ್ಟೆಯಲ್ಲಿ ಕುಡಿಯುವರು. ತರುವಾಯ ಮೆಂತೆಯ ಗಂಜಿಯನ್ನು ಉಣ್ಣುವರು.

ಈ ಕ್ರಮವು ಅರ್ಥವಿಲ್ಲದ್ದಲ್ಲ. ಸಪ್ತಪರ್ಣವು ಉಷ್ಣಗುಣವುಳ್ಳದ್ದೆಂದೂ, ಜಠರಾಗ್ನಿಯನ್ನು ಉದ್ದೀಪಿಸಿ ಕ್ರಿಮಿ, ವ್ರಣ, ಕುಷ್ಠಗಳನ್ನು ಪರಿಹರಿಸುವುದೆಂದೂ 16ನೆಯ ಶತಮಾನದ ಭಾವಮಿಶ್ರನು ಭಾವಪ್ರಕಾಶದಲ್ಲಿ ಹೇಳಿರುವನು. ಮಳೆಗಾಲದಲ್ಲಿ ಮಂದವಾದ ಅಗ್ನಿಗೆ ಉಷ್ಣವಾದ ರಸ, ಆ ಉಷ್ಣಕ್ಕೆ ತಂಪಾದ ಗಂಜಿ ಎಂಬುದೇ ಹಿರಿಯರ ಯೋಜನೆ.

ಕಹಿಯಾದ ತೊಗಟೆಯಲ್ಲಿ ಔಷಧವನ್ನು ಅರಸಿದವರು ಈ ದೇಶದವರು ಮಾತ್ರವಲ್ಲ. ನಮ್ಮ ಹೊಳೆದಂಡೆಗಳ ನೀರವಂಜಿಯ ಕುಲಕ್ಕೆ ಸೇರಿದ ವಿಲೋ ಎಂಬ ಮರವು ಇಂಗ್ಲೆಂಡಿನಲ್ಲುಂಟು. ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿಯು ಅದರ ತೊಗಟೆಯನ್ನು ಒಣಗಿಸಿ ಪುಡಿಮಾಡಿ, ಮೊದಲು ಅತ್ಯಲ್ಪವಾಗಿ ಕೊಟ್ಟು, ಅಪಾಯವಿಲ್ಲವೆಂದು ಕಂಡ ಮೇಲೆ ಪ್ರಮಾಣವನ್ನು ಹೆಚ್ಚಿಸುತ್ತ, ಸುಮಾರು 50 ಮಂದಿಯ ಚಳಿಜ್ವರವನ್ನು ಉಪಚರಿಸಿದ ವೃತ್ತಾಂತವನ್ನು 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅರಿಕೆಮಾಡಿದನು. 1828ರಲ್ಲಿ ಆ ತೊಗಟೆಯ ಸಾರವಾದ ಸಾಲಿಸಿನ್ ಬೇರ್ಪಟ್ಟಿತು. ಆ ಮಾರ್ಗದಲ್ಲಿಯೇ 1897ರಲ್ಲಿ ಆಸ್ಪಿರಿನ್ ಸಿದ್ಧವಾಯಿತು. ಹಾಲೆಯ ಸಾರವು ಬೇರೆ ಜಾತಿಯದು. ಆದರೂ ಮರವನ್ನು ನಿಶ್ಚಯವಾಗಿ ಗುರುತಿಸತಕ್ಕದ್ದು, ಪ್ರಮಾಣವನ್ನು ಅಳೆಯತಕ್ಕದ್ದು ಎಂಬ ನೀತಿಯು ಎರಡಕ್ಕೂ ಒಂದೇ.

ಇಲ್ಲಿಯೇ ಪ್ರಾಣಸಂಕಟದ ವಿಷಯವಿರುವುದು. ಮಳೆಯ ಕತ್ತಲಲ್ಲಿ ಹಾಲೆಯೆಂದು ಭ್ರಮಿಸಿ ಕಾಸರಕದ ಕೆತ್ತೆಯನ್ನು ತಂದರೆ ಅದು ಔಷಧವಲ್ಲ, ಘೋರವಿಷ. ಹಾಲೆಯ ಎಲೆಗಳು ಒಂದೊಂದು ಗಿಣ್ಣಿನಲ್ಲಿ ಸಾಮಾನ್ಯವಾಗಿ 4ರಿಂದ 7ರವರೆಗೆ ಚಕ್ರದಂತೆ ಸುತ್ತಲೂ ಇರುವುವು. ತೊಗಟೆಯನ್ನು ಗಾಯಗೊಳಿಸಿದರೆ ಬಿಳಿಯ ಹಾಲು ಒಸರುವುದು. ಕಾಸರಕದ ಎಲೆಗಳಾದರೋ ಎರಡೆರಡಾಗಿ ಎದುರುಬದುರಾಗಿರುವುವು, ಎಲೆಯ ಬುಡದಿಂದಲೇ 3 ಅಥವಾ 5 ನರಗಳು ಹೊರಡುವುವು, ಹಾಲು ಇರುವುದಿಲ್ಲ. ಆದರೆ ಹಾಲೊಂದನ್ನೇ ನಂಬಲಾಗದು. ಹಾಲೊಸರುವ ವಿಷವೃಕ್ಷಗಳೂ ಉಂಟು.

ಆದುದರಿಂದ ಮುನ್ನಾದಿನ ಹಗಲಿನಲ್ಲಿಯೇ, ಬಲ್ಲವರೊಡನೆ ಹೋಗಿ, ಎಲೆಯನ್ನೂ ಹಾಲನ್ನೂ ನೋಡಿ, ಮರಕ್ಕೆ ಗುರುತು ಕಟ್ಟಿ ಬರತಕ್ಕದ್ದು. ಶಿಶುಗಳಿಗೂ ಗರ್ಭಿಣಿಯರಿಗೂ ರಸವನ್ನು ಕೊಡಲಾಗದು. ಕುಡಿದವರಿಗೆ ಮೈಸೆಳೆತ ಕಂಡರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು. ಚಳಿಜ್ವರ ಬಂದವರು ಈ ರಸವನ್ನೇ ನೆಚ್ಚಿ ಕೂರದೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಹಿರಿಯರು ನಮಗೆ ಕೊಟ್ಟುದು ಒಂದು ಗುಟುಕು ಕಹಿರಸವನ್ನು ಮಾತ್ರವಲ್ಲ, ಮರವನ್ನು ಗುರುತಿಸುವ ಕಣ್ಣನ್ನೂ ಕೊಟ್ಟಿದ್ದರು. ಕಣ್ಣನ್ನು ಬಿಟ್ಟು ರಸವನ್ನಷ್ಟೇ ಉಳಿಸಿಕೊಂಡರೆ ಸಂಪ್ರದಾಯವು ಉಳಿದಂತಾಗದು. ಶ್ರದ್ಧೆಗೆ ಅರಿವು ಜೊತೆಯಾಗಲಿ.